ಜರ್ಮನಿಗೆ ಹೋದ ಸನ್ಮಾನ ಪತ್ರ

ಜರ್ಮನಿಗೆ ಹೋಗಿ ಬಂದೆ ಎಂದರೆ ಎರ್ಮಾಳಿನಲ್ಲಿ ಜನ ಮೊದಲು ಕೇಳುವುದು, "ಅಲ್ಲಿ ಎಂತ ಮೀನು ಸಿಗ್ತದೆ?" ಎಂದು. ಮೀನು ಸಿಗುತ್ತದೆ. ಹಸಿಯದನ್ನೇ ಹುಳಿನೀರಲ್ಲಿ ನೆನೆಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಇಟ್ಟಿರುತ್ತಾರೆ. ನಾನು ಒಂದು ತಿಂದೆ, ಎರಡನೆಯದಕ್ಕೆ ಕೈ ಹಾಕಲಿಲ್ಲ. ಇಷ್ಟು ಹೇಳಿದರೆ ನಮ್ಮೂರಿನವರ ಮಟ್ಟಿಗೆ ಪ್ರವಾಸ ಮುಗಿಯಿತು. ಅಲ್ಲಿಗೆ ಹೋದದ್ದು ಯಾಕೆ ಎಂದು ಕೇಳಿದವರು ಒಬ್ಬರೇ. ಅವರ ವಿಷಯ ಕೊನೆಯಲ್ಲಿ ಬರುತ್ತದೆ.

ಹೊರಡುವ ಮೊದಲು: ಕಾರ್ಕಳ ಬಸ್ ಸ್ಟ್ಯಾಂಡ್

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಆಪರೇಶನ್ ಮಾಡಿ ತೆಗೆದ ಗಂಟು, ಗಡ್ಡೆಗಳ ತುಣುಕನ್ನು ತೆಳ್ಳಗೆ ಕೊಯ್ದು ಗಾಜಿನ ಮೇಲಿಟ್ಟು ಕೊಡುವುದು ನನ್ನ ಕೆಲಸ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುವುದು ನಮ್ಮ ವಸುಧಾ ಮೇಡಂ ಕೆಲಸ. ತುಣುಕುಗಳು ಕಾರ್ಕಳ, ಕಾಪು, ಪಡುಬಿದ್ರಿಯ ಸಣ್ಣ ಆಸ್ಪತ್ರೆಗಳಿಂದ ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು.

ತುಣುಕು ತೆಗೆದ ಕೂಡಲೇ ಫಾರ್ಮಲಿನ್ ಎಂಬ ದ್ರವದಲ್ಲಿ ಮುಳುಗಿಸಬೇಕು. ಇಲ್ಲದಿದ್ದರೆ ಐಸ್ ಹಾಕದ ಬಂಗುಡೆ ಮೀನಿಗೆ ಆಗುವ ಗತಿಯೇ ಅದಕ್ಕೂ ಆಗುತ್ತದೆ. ಆದರೆ ಫಾರ್ಮಲಿನ್ ಕಣ್ಣಿಗೆ ಉರಿ, ಮೂಗಿಗೆ ಘಾಟು. ಕೆಲವು ಕಡೆ ನಾಲ್ಕು ಹನಿ ಹಾಕುತ್ತಿದ್ದರು, ಕೆಲವು ಕಡೆ ಬರೀ ಉಪ್ಪುನೀರು. ಒಬ್ಬ ಪುಣ್ಯಾತ್ಮರು ತೆಂಗಿನೆಣ್ಣೆಯಲ್ಲಿ ಅದ್ದಿ ಕಳಿಸಿದ್ದರು. ಇನ್ನು ಕೆಲವರು ಕೆಮ್ಮಿನ ಔಷಧದ ಬಾಟಲಿಗೆ ತುರುಕುತ್ತಿದ್ದರು. ಮೆತ್ತಗಿದ್ದಾಗ ಒಳಗೆ ಹೋದದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ನಾನು ಸುತ್ತಿಗೆ ಹುಡುಕಬೇಕು.

ಒಮ್ಮೆ ಕಾರ್ಕಳದಿಂದ ಬಂದ ಒಬ್ಬ ಹೆಂಗಸಿನ ತುಣುಕು ಪೂರ್ತಿ ಕೊಳೆತಿತ್ತು. ಆ ಹೆಂಗಸನ್ನು ಮತ್ತೊಮ್ಮೆ ಕೊಯ್ಯಬೇಕಾಯಿತು. ಆಕೆಯ ಗಂಡ ನಮ್ಮ ಕಿಟಕಿಯ ಹತ್ತಿರ ನಿಂತು, "ಮೊದಲಿನದ್ದು ಎಲ್ಲಿ ಹೋಯ್ತು?" ಎಂದು ಕೇಳಿದ. ಆ ದಿನ ಸಂಜೆ ನಾನು ಆ ಆಸ್ಪತ್ರೆಯವರನ್ನೇ ಕೇಳೋಣವೆಂದು ಕಾರ್ಕಳಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಏನು ಮಾಡುವುದೆಂದು ತೋಚದೆ ಸೋಡಾ ಕುಡಿಯಲು ನಿಂತೆ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕೊನೆಗೆ ಸೋಡಾ ಗಾಡಿ ಇಟ್ಟ ಯಮನಪ್ಪ ಬಾಟಲಿಯನ್ನು ನನ್ನ ಕೈಗೇ ಕೊಟ್ಟು, "ಹೆಬ್ಬೆಟ್ಟು ಗಟ್ಟಿ ಒತ್ರಿ ಸರ, ಗೋಲಿ ತಾನ ಇಳಿತದ" ಎಂದ. ಒತ್ತಿದೆ. ಇಳಿಯಿತು. ಸೋಡಾ ಕುಡಿಯುವುದನ್ನೇ ಮರೆತು ಬಸ್ ಹತ್ತಿದೆ.

ಹಾಗೆ ಹುಟ್ಟಿದ್ದು ನಮ್ಮ ಗೋಲಿ ಮುಚ್ಚಳ. ಅಗಲ ಬಾಯಿಯ ಡಬ್ಬಿ. ಅದರ ಮುಚ್ಚಳದೊಳಗೇ ಫಾರ್ಮಲಿನ್ ತುಂಬಿದ ಗೂಡು. ಗೂಡಿನ ತೂತಿಗೆ ಒಂದು ಗಾಜಿನ ಗೋಲಿ. ತುಣುಕು ಹಾಕಿ ಮುಚ್ಚಿ ಹೆಬ್ಬೆಟ್ಟಿನಲ್ಲಿ ಒತ್ತಿದರೆ ಗೋಲಿ ಡಬ್ಬಿಯೊಳಗೆ ಬೀಳುತ್ತದೆ, ಅದರ ಹಿಂದೆ ದ್ರವವೂ ಇಳಿಯುತ್ತದೆ. ಯಾರ ಕಣ್ಣೂ ಉರಿಯುವುದಿಲ್ಲ. ಡಬ್ಬಿ ನಮ್ಮ ಕೈಗೆ ಬಂದಾಗ ಗೋಲಿ ತಳದಲ್ಲಿದ್ದರೆ ತುಣುಕು ಕ್ಷೇಮ.

ಮೇಡಂ ಅದಕ್ಕೆ ಎರಡು ವರ್ಷ ಲೆಕ್ಕವಿಲ್ಲದಷ್ಟು ಪರೀಕ್ಷೆ ಮಾಡಿ, ಅಳತೆ ತಿದ್ದಿ, ಪೇಟೆಂಟಿಗೆ ಅರ್ಜಿ ಹಾಕಿದರು. ಸಂಶೋಧಕರು ಎಂಬಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದರು. ನನಗೆ ಅವರು ಕೊಟ್ಟ ಆಜ್ಞೆ ಒಂದೇ: "ಅರ್ಜಿ ಹೋಗುವ ತನಕ ಹೊರಗೆ ಬಾಯಿ ಬಿಡಬೇಡ." ನಾನು ಬಾಯಿ ಬಿಟ್ಟದ್ದು ಅಮ್ಮನ ಹತ್ತಿರ ಮಾತ್ರ. ಅದೂ 'ಒಂದು ಹೊಸದು ಕಂಡುಹಿಡಿದೆ' ಎಂಬಷ್ಟೇ. ಆದರೆ ಅಮ್ಮ ಕಾಪು ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವವಳು. ಮಧ್ಯಾಹ್ನದೊಳಗೆ ಬುಟ್ಟಿಯೂ ಖಾಲಿ, ಸುದ್ದಿಯೂ ಖಾಲಿ. ವಾರದೊಳಗೆ ಅಲ್ಲಿಯ ಯುವಕ ಮಂಡಲದವರು ಸನ್ಮಾನಕ್ಕೆ ದಿನ ಗೊತ್ತು ಮಾಡಿ ಮನೆಗೇ ಬಂದರು. ಶಾಲು ಬೇಡ ಎನ್ನುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಮೇಡಂ ಹತ್ತಿರ ತಂಗಿಯ ನಿಶ್ಚಿತಾರ್ಥ ಎಂದು ರಜೆ ಹಾಕಿ ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಕಟ್ಟು ಹಾಕಿಸಿದ ಸನ್ಮಾನ ಪತ್ರ, ಎಲ್ಲ ಆಯಿತು.

ಮುಂದೆ ಎರಡು ವರ್ಷಕ್ಕೆ ಜರ್ಮನಿಯ ಒಂದು ಕಂಪನಿ ಕರೆಯಿತು. ಆಸ್ಪತ್ರೆಯ ಡಬ್ಬಿಗಳನ್ನು ಮಾಡುವವರು. ಪೇಟೆಂಟ್ ಗಟ್ಟಿ ಎಂದು ತಮ್ಮ ವಕೀಲರಿಗೆ ಖಾತ್ರಿಯಾದರೆ ಮಾಡುತ್ತೇವೆ, ಮೊದಲ ಡಬ್ಬಿಗಳು ನಿಮ್ಮ ಆಸ್ಪತ್ರೆಗಳಿಗೇ ಬರುತ್ತವೆ ಎಂದರು. ಇಲ್ಲವಾದರೆ ಅಚ್ಚು ಮಾಡಿಸುವ ತಾಕತ್ತು ನಮಗಿರಲಿಲ್ಲ, ಗೋಲಿ ಮುಚ್ಚಳ ಲ್ಯಾಬಿನ ಕಪಾಟಿನಲ್ಲೇ ಉಳಿಯುತ್ತಿತ್ತು. ಅವರ ಪತ್ರದ ಕೊನೆಗೆ, ಸಂಶೋಧನೆಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ ತನ್ನಿ ಎಂದಿತ್ತು. ಎಲ್ಲ ಎಂದರೆ ಎಲ್ಲ. ನಾನು ಸನ್ಮಾನ ಪತ್ರವನ್ನು ಗೋಡೆಯಿಂದ ಇಳಿಸಿ, ಅದೇ ಶಾಲಿನಲ್ಲಿ ಸುತ್ತಿ, ಸೂಟ್‌ಕೇಸಿನ ತಳದಲ್ಲಿಟ್ಟೆ.

ಫ್ರಾಂಕ್‌ಫರ್ಟ್

ಫಾರ್ಮಲಿನ್ ವಿಮಾನದಲ್ಲಿ ಒಯ್ಯುವಂತಿಲ್ಲ. ಅದರ ಬದಲು ಹನ್ನೆರಡು ಮುಚ್ಚಳಗಳಿಗೆ ಉಪ್ಪು ಹಾಕಿದ ಪುನರ್ಪುಳಿ ಹಣ್ಣಿನ ನೀರು ತುಂಬಿದ್ದೆವು. ಕೆಂಪಗೆ ಚೆನ್ನಾಗಿ ಕಾಣುತ್ತದೆ ಎಂದು ಅದು ನನ್ನದೇ ಸಲಹೆ. ಕಸ್ಟಮ್ಸ್‌ನವನಿಗೂ ಚೆನ್ನಾಗಿ ಕಂಡಿತು. ಪೆಟ್ಟಿಗೆ ತೆರೆಸಿ, ಒಂದನ್ನು ಎತ್ತಿ ಹಿಡಿದು, "ಇದು ರಕ್ತವೋ?" ಎಂದು ಕೇಳಿದ. ಮೇಡಂ ಇಂಗ್ಲಿಷಿನಲ್ಲಿ ದೀರ್ಘವಾಗಿ ವಿವರಿಸಿದರು. ಅವನ ಮುಖದ ಗಂಟು ಸಡಿಲಾಗಲಿಲ್ಲ. ನಾನು ಒಂದು ಡಬ್ಬಿ ತೆಗೆದು ಹೆಬ್ಬೆಟ್ಟು ಒತ್ತಿದೆ. ಟಕ್. ಗೋಲಿ ಬಿತ್ತು, ಕೆಂಪು ನೀರು ಇಳಿಯಿತು.

ಅವನು ತಾನೂ ಒಂದು ಒತ್ತಬಹುದೇ ಎಂದು ಕೇಳಿದ. ಒತ್ತಿದ. ಪಕ್ಕದ ಸಾಲಿನವನನ್ನು ಕರೆದ. ಅವನೂ ಒತ್ತಿದ. ಭುಜದ ಮೇಲೆ ಪಟ್ಟಿ ಇದ್ದ ದೊಡ್ಡ ಅಧಿಕಾರಿ ಎಂತದು ಗಲಾಟೆ ಎಂದು ನೋಡಲು ಬಂದು, ಎಲ್ಲರನ್ನೂ ಗದರಿಸಿ, ತಾನೊಂದು ಒತ್ತಿ ಹೋದ. ಬಿದ್ದ ಗೋಲಿ ಮತ್ತೆ ಮೇಲೆ ಹೋಗದಂತೆ ಮಾಡಿರುವುದೇ ನಮ್ಮ ಮುಚ್ಚಳದ ಹೆಚ್ಚುಗಾರಿಕೆ. ಹನ್ನೆರಡರಲ್ಲಿ ಉಳಿದದ್ದು ಎಂಟು.

"ಇನ್ನು ಯಾರಿಗೂ ತೋರಿಸಬೇಡ ಮಾರಾಯ" ಎಂದರು ಮೇಡಂ. ಅವರು ನನ್ನನ್ನು ಏಕವಚನದಲ್ಲಿ ಕರೆದರೆ ಎಲ್ಲ ಸರಿ ಇದೆ ಎಂದರ್ಥ. ಸಿಟ್ಟು ಬಂದಾಗ ಮಾತ್ರ ಬಹುವಚನ.

ಫ್ರೌ ಹಾಸ್ ಅವರ ಮೆಟ್ಟಿಲು

ಕಂಪನಿ ಇದ್ದದ್ದು ಸ್ಟುಟ್‌ಗಾರ್ಟ್‌ನಿಂದಾಚೆಗಿನ ಸಣ್ಣ ಊರಿನಲ್ಲಿ. ನಮ್ಮನ್ನು ಇಳಿಸಿದ್ದು ಫ್ರೌ, ಎಂದರೆ ಶ್ರೀಮತಿ, ಹಾಸ್ ಎಂಬ ಅಜ್ಜಿಯ ಮನೆಯ ಮಹಡಿಯಲ್ಲಿ. ಅಲ್ಲಿ ನೀರು ಕೇಳಿದರೆ ಸೋಡಾ ಕೊಡುತ್ತಾರೆ. ಊಟಕ್ಕೆ ಸೋಡಾ, ಮಾತ್ರೆ ನುಂಗಲು ಸೋಡಾ. ನಮ್ಮಲ್ಲಿ ಹೊಟ್ಟೆ ಕೆಟ್ಟವನು ಕುಡಿಯುವುದನ್ನು ಅಲ್ಲಿ ಆರೋಗ್ಯವಂತರು ದಿನವಿಡೀ ಕುಡಿಯುತ್ತಾರೆ. ಯಮನಪ್ಪ ಗಾಡಿ ಸಮೇತ ಅಲ್ಲಿಗೆ ಹೋಗಿದ್ದರೆ ಇಷ್ಟರಲ್ಲಿ ಎರಡು ಮಹಡಿ ಎಬ್ಬಿಸುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಿಗೆ ಒಂದು ಸಣ್ಣ ಮರದ ಹಲಗೆ ನೇತಾಡುತ್ತಿತ್ತು. ಸ್ವಾಗತ ಎಂದಿರಬೇಕು ಎಂದುಕೊಂಡು ಖುಷಿಪಟ್ಟೆ. ಅದು ಮೆಟ್ಟಿಲು ಗುಡಿಸುವ ಸರದಿಯ ಹಲಗೆ. ಆ ಸೀಮೆಯಲ್ಲಿ ಪ್ರತಿ ಮನೆಯವರೂ ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಬೇಕಂತೆ. ಅತಿಥಿ ಎಂದು ಬಿಡುವ ಕ್ರಮ ಫ್ರೌ ಹಾಸ್ ಅವರಲ್ಲಿ ಇಲ್ಲ. ನಾನು ಧೂಳು ಏಳದಿರಲಿ ಎಂದು ನಮ್ಮ ಮನೆಯ ಹಾಗೆ ನೀರು ಚಿಮುಕಿಸಿ, ಬಗ್ಗಿ, ಚೊಕ್ಕವಾಗಿ ಗುಡಿಸಿದೆ. ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಹತ್ತು ನಿಮಿಷದಲ್ಲಿ ಆ ನೀರು ಐಸ್ ಆಯಿತು. ಎದುರು ಮನೆಯ ಅಂಚೆಯವನು ಜಾರಿ ಕುಳಿತ. ಅಜ್ಜಿ ಬೈಯಲಿಲ್ಲ. ಉಪ್ಪಿನ ಚೀಲ ತಂದು ನನ್ನ ಕೈಗೆ ಕೊಟ್ಟು, ಎಲ್ಲೆಲ್ಲಿ ಎರಚಬೇಕು ಎಂದು ಬೆರಳಿನಲ್ಲಿ ತೋರಿಸಿದರು. ಎರ್ಮಾಳಿನಲ್ಲಿ ನಾವು ಉಪ್ಪು ಹಾಕುವುದು ಮೀನಿಗೆ, ಇವರು ಮೆಟ್ಟಿಲಿಗೆ.

ತಪ್ಪಾಯಿತು ಎಂದು ಹೇಳಲು ಜರ್ಮನ್ ಬಾರದ ಕಾರಣ ಒಂದು ಡಬ್ಬಿ ತೋರಿಸಿದೆ. ಅಜ್ಜಿ ಒತ್ತಿದರು. ಮುಖ ಅರಳಿತು. ನಾನು ತಡೆಯುವುದರೊಳಗೆ ಮುಚ್ಚಳ ತಿರುಗಿಸಿ ಒಳಗಿದ್ದ ಪುನರ್ಪುಳಿ ನೀರು ಕುಡಿದರು. ಚಪ್ಪರಿಸಿ ಇನ್ನೊಂದಕ್ಕೆ ಕೈ ಚಾಚಿದರು. ಮೇಡಂ ಪೆಟ್ಟಿಗೆಗೆ ಬೀಗ ಹಾಕಿದರು. ಉಳಿದದ್ದು ಏಳು.

ಮೂರನೆಯ ದಿನ: ವಕೀಲರ ಕೋಣೆ

ಕಂಪನಿಯ ಇಂಜಿನಿಯರುಗಳು ಐದು ಡಬ್ಬಿಗಳನ್ನು ಒತ್ತಿ ಮುಗಿಸಿ ಸಂತೋಷವಾಗಿದ್ದರು. ಉಳಿದದ್ದು ವಕೀಲರು. ಕ್ಲಾಸೆನ್ ಎಂದು ಹೆಸರು, ಉದ್ದ ಮನುಷ್ಯ, ಎದುರಿಗೆ ನಾಲ್ಕು ಪೆನ್ಸಿಲ್ ಒಂದೇ ಅಳತೆಗೆ ಕೆತ್ತಿ ಇಟ್ಟುಕೊಂಡಿದ್ದರು. ಎರಡು ಗಂಟೆ ಪ್ರಶ್ನೆ ಕೇಳಿ, ಸೋಡಾ ಬಾಟಲಿಯ ಗೋಲಿ ಕತ್ತಿನಲ್ಲೇ ನಿಲ್ಲುತ್ತದೆ, ನಿಮ್ಮದು ಒಳಗೆ ಬೀಳುತ್ತದೆ, ಆದ್ದರಿಂದ ತೊಂದರೆ ಇಲ್ಲ ಎಂದು ಟಿಪ್ಪಣಿ ಮಾಡಿ, ಕೊನೆಗೆ ಕೇಳಿದರು: "ಬೇರೆ ದಾಖಲೆ ಏನಾದರೂ?"

ನಾನು ಕಾದದ್ದು ಇದಕ್ಕೇ. ಶಾಲು ಬಿಚ್ಚಿ ಸನ್ಮಾನ ಪತ್ರವನ್ನು ಮೇಜಿನ ಮೇಲೆ ನಿಲ್ಲಿಸಿದೆ. ಸುತ್ತ ಬಳ್ಳಿ, ಮೇಲೆ ದೀಪ, ನಡುವೆ ನನ್ನ ಫೋಟೋ. "ನನ್ನ ಸಂಶೋಧನೆಗೆ ಊರಿನವರು ಸಾರ್ವಜನಿಕ ಸಭೆಯಲ್ಲಿ ಕೊಟ್ಟದ್ದು" ಎಂದು, ಅಭ್ಯಾಸ ಮಾಡಿಕೊಂಡು ಹೋಗಿದ್ದ ಇಂಗ್ಲಿಷಿನಲ್ಲಿ ಹೇಳಿದೆ.

ಸಾರ್ವಜನಿಕ ಎಂಬ ಮಾತಿಗೆ ವಕೀಲರ ಪೆನ್ಸಿಲ್ ನಿಂತಿತು. ಮೇಡಂ ಪತ್ರದ ಕೆಳಗಿನ ತಾರೀಖನ್ನು ಬಗ್ಗಿ ನೋಡಿದರು.

"ಅರ್ಜಿ ಹಾಕಿದ್ದು ಮೇ ತಿಂಗಳಲ್ಲಿ. ಇದು ಫೆಬ್ರವರಿ. ನೀವು ಅದಕ್ಕಿಂತ ಮೊದಲೇ ಸಭೆ ಮಾಡಿಸಿಕೊಂಡಿರಾ ಸದಾನಂದ?"

ಬಹುವಚನ.

ವಕೀಲರು ನಿಧಾನವಾಗಿ ವಿವರಿಸಿದರು. ಅರ್ಜಿ ಹಾಕುವ ಮೊದಲು ಸಂಶೋಧನೆಯ ಗುಟ್ಟು ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ಯಾವ ಭಾಷೆಯಲ್ಲೇ ಆಗಲಿ ಹತ್ತು ಜನರ ಎದುರು ಹೊರಬಿದ್ದಿದ್ದರೆ ಯುರೋಪಿನಲ್ಲಿ ಅದು ಹೊಸದಲ್ಲ. ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಈ ಕಾಗದದಲ್ಲಿ ಏನು ಬರೆದಿದೆ ಎಂದು ಅವರಿಗೆ ಒಂದೊಂದು ಶಬ್ದವೂ ಗೊತ್ತಾಗಬೇಕಿತ್ತು. ಕನ್ನಡ ಬಲ್ಲ ಅನುವಾದಕರು ಅವರ ಪಟ್ಟಿಯಲ್ಲಿ ಇರಲಿಲ್ಲ. ಅಧಿಕೃತ ಅನುವಾದ ಆಮೇಲೆ ತರಿಸೋಣ, ಈಗ ನೀವೇ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿ ಹೇಳಿ ಎಂದರು.

ಲ್ಯಾಬಿನ ಕಿಟಕಿಯ ಹತ್ತಿರ ನಿಂತಿದ್ದ ಕಾರ್ಕಳದ ಆ ಗಂಡಸಿನ ಮುಖ ನೆನಪಾಯಿತು. ಒಂದು ಶಾಲಿನ ಆಸೆಗೆ ಎಲ್ಲ ಹಾಳು ಮಾಡಿದೆನೇ ಎಂದು ಮೇಡಂ ಕಡೆ ನೋಡಿದೆ.

"ನಿಮ್ಮ ಸನ್ಮಾನ, ನೀವೇ ಓದಿ" ಎಂದು ಅವರು ಕೈ ಕಟ್ಟಿ ಕುಳಿತರು.

ಓದಿದೆ. "ಕಡಲ ತಡಿಯ ಕುಲದೀಪಕರೇ."

"ದೀಪ?" ಎಂದರು ಕ್ಲಾಸೆನ್. "ಉಪಕರಣದಲ್ಲಿ ದೀಪ ಇದೆಯೇ?"

"ಇಲ್ಲ. ದೀಪ ಎಂದರೆ ನಾನು."

ಬರೆದುಕೊಂಡರು. "ಸರಸ್ವತಿಯ ವರಪುತ್ರರೇ" ಎಂದು ಮುಂದಿನ ಸಾಲು.

"ಈ ಸರಸ್ವತಿ ಯಾರು? ಅರ್ಜಿಯಲ್ಲಿ ಎರಡೇ ಹೆಸರಿದೆ. ಅವರೂ ಸಂಶೋಧಕರಾಗಿದ್ದರೆ ಅವರ ಸಹಿ ಬೇಕು."

ದೇವರು ಎಂದು ತಿಳಿಸಿ, ಸಹಿಯ ಅಗತ್ಯವಿಲ್ಲವೆಂದು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು. ಮೇಡಂ ತುಟಿ ಕಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಕಷ್ಟ ಬಂದದ್ದು ಮೂರನೆಯ ಸಾಲಿಗೆ: "ವೈದ್ಯಕೀಯ ಕ್ಷೇತ್ರವೆಂಬ ಕ್ಷೀರಸಾಗರವನ್ನು ಕಡೆದು ಅಮೃತ ಕಲಶವನ್ನು ನಾಡಿಗಿತ್ತ ಮಹನೀಯರೇ."

"ಅಮೃತ ಎಂದರೆ?"

"ಒಂದು ದ್ರವ."

"ಏನು ಮಾಡುತ್ತದೆ?"

"ಅದು ತಾಗಿದ್ದು ಸಾಯುವುದಿಲ್ಲ. ಕೆಡುವುದಿಲ್ಲ."

ಕ್ಲಾಸೆನ್ ಹೊಸ ಪೆನ್ಸಿಲ್ ತೆಗೆದುಕೊಂಡರು. "ಕೆಡದಂತೆ ಕಾಪಾಡುವ ದ್ರವ. ಕಲಶ ಎಂದರೆ?"

"ದ್ರವ ತುಂಬುವ ಪಾತ್ರೆ."

"ಮುಚ್ಚಳ?"

ಮುಚ್ಚಳ ಇಲ್ಲ ಎಂದುಬಿಡಬಹುದಿತ್ತು. ಆದರೆ ಪ್ರಮಾಣ ಮಾಡಿದ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬಾಯಿಗೆ ಒಂದು ತೆಂಗಿನಕಾಯಿ ಇಡುತ್ತೇವೆ."

"ಆಕಾರ?"

"ಉರುಟು."

ವಕೀಲರು ಪೆನ್ಸಿಲ್ ಕೆಳಗಿಟ್ಟರು. ಪಾತ್ರೆ, ಕೆಡದಂತೆ ಕಾಪಾಡುವ ದ್ರವ, ಬಾಯಿಗೆ ಉರುಟಾದ ವಸ್ತು. ಸಾವಿರಾರು ವರ್ಷದ ಹಿಂದೆಯೇ ಯಾರೋ ನಮ್ಮ ಮುಚ್ಚಳವನ್ನು ಮಾಡಿಟ್ಟಿದ್ದಾರೆ ಎಂಬಂತೆ ಅವರ ಮುಖ ಬಿಳುಚಿತು. ಆಗ ಮೇಡಂ, ಓದು ಸುರುವಾದ ಮೇಲೆ ಮೊದಲ ಬಾರಿಗೆ ಬಾಯಿ ತೆರೆದು, ಕನ್ನಡದಲ್ಲೇ, "ಸದಾನಂದ, ಕಾಯಿ ಒಳಗೆ ಬೀಳ್ತದಾ? ಅದನ್ನು ಹೇಳಿ" ಎಂದರು.

"ಇಲ್ಲ ಸರ್, ಆ ಕಾಯಿ ಒಳಗೆ ಬೀಳುವುದಿಲ್ಲ!" ಎಂದು ಕೂಗಿದೆ.

"ಎಂದೂ?"

"ಎಂದೂ ಇಲ್ಲ. ಬಿದ್ದರೆ ಅಪಶಕುನ. ಭಟ್ಟರು ಪೂಜೆ ಮತ್ತೆ ಮೊದಲಿಂದ ಮಾಡಬೇಕು."

ಕ್ಲಾಸೆನ್ ಅವರ ಮುಖಕ್ಕೆ ರಕ್ತ ಮರಳಿತು. 'ತೆಂಗಿನಕಾಯಿ ಒಳಗೆ ಬೀಳುವುದಿಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಉಳಿದ ಹದಿನೇಳು ಸಾಲಿನಲ್ಲಿ ನಾನು ಸೂರ್ಯ, ಕಲ್ಪವೃಕ್ಷ, ರಾಜಹಂಸ ಮತ್ತು ತುಂಬಿದ ಕೊಡ. ಡಬ್ಬಿ, ಗೋಲಿ, ಹೆಬ್ಬೆಟ್ಟು, ಬಸ್ಸು ಯಾವುದೂ ಇಲ್ಲ. ಆ ಪತ್ರವನ್ನು ಎರಡು ವರ್ಷ ದಿನಾ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ.

ಇನ್ನಂಜೆಗೆ ಒಂದು ಫೋನು

ಕಾಗದ ಸರಿ, ಸಭೆಯಲ್ಲಿ ಮಾತಾಡಿದ್ದು ಏನು ಎಂದು ವಕೀಲರ ಮುಂದಿನ ಪ್ರಶ್ನೆ. ನಾನು ಮುಚ್ಚಳದ ಬಗ್ಗೆ ಇಪ್ಪತ್ತು ನಿಮಿಷದ ಭಾಷಣ ಬರೆದುಕೊಂಡು ಹೋಗಿದ್ದು ನಿಜ. ಮೇಡಂ ಆಜ್ಞೆ ಮೈಕಿನ ಆಸೆಗೆ ಮರೆತುಹೋಗಿತ್ತು. ಆದರೆ ಮುಖ್ಯ ಅತಿಥಿಗಳು ಮೂವರು. ಮೂವರೂ ಅರ್ಧರ್ಧ ಗಂಟೆ ಮಾತಾಡಿದರು. ಹಿಂದೆ ಯಕ್ಷಗಾನದ ಚೆಂಡೆ ಸುರುವಾಗಿತ್ತು. ನನ್ನ ಸರದಿ ಬಂದಾಗ ನಿರೂಪಕ ಕಿವಿಯಲ್ಲಿ, "ಎರಡೇ ಮಾತು ಸದಾನಂದಣ್ಣ" ಎಂದ. ಎಲ್ಲರಿಗೂ ವಂದನೆ ಹೇಳಿ ಕುಳಿತೆ. ಆ ಸಿಟ್ಟು ಎಷ್ಟು ದಿನ ಇತ್ತೆಂದರೆ, ಹಣ್ಣಿನ ಬುಟ್ಟಿ ಬಿಚ್ಚಲೂ ಮನಸ್ಸು ಬರಲಿಲ್ಲ, ಕಿತ್ತಳೆ ಕೊಳೆಯಿತು.

ಇದಕ್ಕೆ ಸಾಕ್ಷಿ ಬೇಕೆಂದರು. ಇನ್ನಂಜೆಯ ವಾಸುದೇವ ಮಾಸ್ಟ್ರಿಗೆ ಫೋನ್ ಹಚ್ಚಿದೆವು. ನಿವೃತ್ತ ಕನ್ನಡ ಪಂಡಿತರು. ನಮ್ಮ ಸುತ್ತಲಿನ ಎಲ್ಲ ಸನ್ಮಾನ ಪತ್ರಗಳೂ ಅವರವೇ. ತುಳುವಿನಲ್ಲಿ ಮಾತಾಡಿಸಿದರೂ ಕನ್ನಡದಲ್ಲೇ ಉತ್ತರಿಸುವವರು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. ಸ್ಪೀಕರಿನಲ್ಲಿ ಅವರ ಧ್ವನಿ ಜರ್ಮನಿಯ ಕೋಣೆ ತುಂಬಿತು. ಮೇಡಂ ಕ್ಲಾಸೆನ್‌ಗೆ ಒಂದೊಂದನ್ನೇ ಇಂಗ್ಲಿಷಿಗೆ ಹೇಳುತ್ತಾ ಹೋದರು.

"ಮಾಸ್ಟ್ರೇ, ನಾನು ಕಂಡುಹಿಡಿದದ್ದು ಎಂತ ಅಂತ ನಿಮಗೆ ಆವತ್ತು ಗೊತ್ತಿತ್ತಾ?"

"ಗೊತ್ತಿರಲಿಲ್ಲ ಮಾರಾಯ. ವೈದ್ಯಕೀಯ ಅಂತ ನಿನ್ನ ತಾಯಿ ಹೇಳಿದಳು. ಅಷ್ಟು ಸಾಕಾಯಿತು."

"ಬೇರೆ ಯಾರಿಗಾದರೂ?"

"ಯಾರಿಗೂ ಇಲ್ಲ. ಅಧ್ಯಕ್ಷರು ಕೊನೆಯವರೆಗೂ ನೀನು ಕಂಪೌಂಡರ್ ಅಂತಲೇ ತಿಳಿದಿದ್ದರು. ಪೇಪರಿನಲ್ಲಿ ವೇದಿಕೆಯಲ್ಲಿದ್ದ ಹದಿನಾಲ್ಕು ಜನರ ಹೆಸರು ಬಂತು, ಕೊನೆಗೆ 'ಸಾಧಕರನ್ನು ಸನ್ಮಾನಿಸಲಾಯಿತು' ಅಂತ ಇತ್ತು. ಯಾಕೆ, ಪತ್ರದಲ್ಲಿ ತಪ್ಪು ಉಂಟಾ? ಅದನ್ನೇ ಬ್ಯಾಂಕ್ ಮ್ಯಾನೇಜರಿಗೂ ಕೊಟ್ಟದ್ದು, ಅವರದ್ದರಲ್ಲಿ ವೈದ್ಯಕೀಯದ ಜಾಗದಲ್ಲಿ ಆರ್ಥಿಕ ಅಂತ ಹಾಕಿದ್ದೆ. ಯಾರೂ ದೂರು ಹೇಳಲಿಲ್ಲ."

ಕ್ಲಾಸೆನ್ ಕುರ್ಚಿಗೆ ಒರಗಿ ಮೊದಲ ಬಾರಿಗೆ ನಕ್ಕರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿಗೋ ನೆಮ್ಮದಿಗೋ ನಾನು ಕೇಳಲಿಲ್ಲ. ಎಲ್ಲರೂ ಬಚಾವಾದ ಸಂತೋಷದಲ್ಲಿದ್ದಾಗ ನನಗೊಬ್ಬನಿಗೆ ದುಃಖ ಉಕ್ಕಿ ಬಂತು. 'ಈ ಸಂಶೋಧನೆ ಏನೆಂದು ನನ್ನ ಊರಿನಲ್ಲಿ ಯಾರಿಗೂ ತಿಳಿದಿಲ್ಲ' ಎಂಬ ಹೇಳಿಕೆಯ ಕೆಳಗೆ ನಾನೇ ಸಹಿ ಹಾಕಬೇಕಿತ್ತು. ಹಾಕಿದೆ. ಸನ್ಮಾನ ಪತ್ರವನ್ನು ಕಟ್ಟಿನಿಂದ ಬಿಚ್ಚಿ, ಹಿಂದೆ ಕೆಂಪು ಮುದ್ರೆ ಒತ್ತಿ, ಕಡತಕ್ಕೆ ಸೇರಿಸಿದರು. ಒಪ್ಪಂದಕ್ಕೂ ಸಹಿಯಾಯಿತು. ಹೊರಡುವಾಗ ಕ್ಲಾಸೆನ್ ಮುಜುಗರದಿಂದ, ತಾವು ಇನ್ನೂ ಒಂದೂ ಒತ್ತಿಲ್ಲ ಎಂದರು. ಕೊಟ್ಟೆವು. ಒಂದು ಉಳಿಯಿತು.

ಹೊರಗೆ ಬಂದರೆ ರಸ್ತೆಯಲ್ಲಿ ಒಂದು ವಾಹನವೂ ಇಲ್ಲ, ಆದರೆ ದಾಟುವವರಿಗೆ ಕೆಂಪು ದೀಪ. ಹತ್ತು ಜನ ಮಾತಿಲ್ಲದೆ ಕಾಯುತ್ತಿದ್ದರು. ಉಡುಪಿಯಲ್ಲಾದರೆ ನಾವು ಇಷ್ಟರಲ್ಲಿ ದಾಟಿ, ಚಹಾ ಕುಡಿದು, ವಾಪಸೂ ಬಂದಿರುತ್ತಿದ್ದೆವು. ಮೇಡಂ ನನ್ನ ಪಕ್ಕ ನಿಂತು, "ಇನ್ನು ಸನ್ಮಾನ ಇದ್ದರೆ ನನ್ನನ್ನೂ ಕರಿ ಮಾರಾಯ. ನಿಶ್ಚಿತಾರ್ಥ ಅಂತ ಸುಳ್ಳು ಹೇಳಬೇಡ" ಎಂದರು. ಏಕವಚನ ಕೇಳಿ ಜೀವ ಬಂತು.

ಮರಳಿ ಎರ್ಮಾಳು

ಅಮ್ಮ ಮೊದಲು ನೋಡಿದ್ದು ಖಾಲಿ ಕಟ್ಟನ್ನು. ಪತ್ರವನ್ನು ಜರ್ಮನಿಯವರು ಇಟ್ಟುಕೊಂಡರು ಎಂದೆ. "ಅಷ್ಟು ಚಂದ ಉಂಟಲ್ಲ, ಇಟ್ಟುಕೊಳ್ಳದೆ ಬಿಡ್ತಾರಾ" ಎಂದಳು.

ಎರಡು ದಿನ ಬಿಟ್ಟು ವಾಸುದೇವ ಮಾಸ್ಟ್ರು ಕೊಡೆ ಊರಿಕೊಂಡು ಮನೆಗೆ ಬಂದರು. ಮೀನಿನ ವಿಷಯ ಕೇಳಲಿಲ್ಲ. ಜಗಲಿಯಲ್ಲಿ ಕುಳಿತು ನೀರು ಕುಡಿದರು.

"ಆವತ್ತು ಫೋನಿನಲ್ಲಿ ನಿನ್ನ ಸ್ವರ ಸಣ್ಣದಾಯಿತು. ನನಗೆ ಆಮೇಲೆ ನಿದ್ದೆ ಬರಲಿಲ್ಲ. ಈಗ ಹೇಳು, ನೀನು ಅಲ್ಲಿಗೆ ಹೋದದ್ದು ಯಾಕೆ? ನೀನು ಮಾಡಿದ್ದು ಎಂತ?"

ಕಾರ್ಕಳದ ಹೆಂಗಸಿನಿಂದ ಸುರು ಮಾಡಿ ಹೇಳಿದೆ. ಇಪ್ಪತ್ತು ನಿಮಿಷ. ಯಾರೂ ಚೆಂಡೆ ಬಾರಿಸಲಿಲ್ಲ. ಕೊನೆಗೆ ಉಳಿದಿದ್ದ ಒಂದು ಡಬ್ಬಿಯನ್ನು ಅವರ ಕೈಯಲ್ಲಿಟ್ಟೆ. ಹೆಬ್ಬೆಟ್ಟಿನಿಂದ ಒತ್ತಿದರು. ಟಕ್. ಗೋಲಿ ತಳಕ್ಕೆ ಬಿತ್ತು, ಕೆಂಪು ನೀರು ಇಳಿಯಿತು. ಮಾಸ್ಟ್ರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗೋಲಿಯ ಸದ್ದನ್ನು ಎರಡು ಸಲ ಕೇಳಿದರು.

"ಇದಕ್ಕೆ ಸೂರ್ಯಚಂದ್ರರು ಎಂತಕ್ಕೆ ಬೇಕಿತ್ತು?" ಎಂದರು, ನನಗಲ್ಲ, ತಮಗೇ.

ಮುಂದಿನ ವಾರ ಹೊಸ ಪತ್ರ ತಂದರು. ಬಳ್ಳಿ ಇಲ್ಲ, ದೀಪ ಇಲ್ಲ, ಅವರದೇ ಕೈಬರಹದ ಮೂರು ಸಾಲು. ಎರ್ಮಾಳಿನ ಸದಾನಂದನು ಒಂದು ಮುಚ್ಚಳ ಮಾಡಿದ್ದಾನೆ. ಹೆಬ್ಬೆಟ್ಟಿನಲ್ಲಿ ಒತ್ತಿದರೆ ಗೋಲಿ ಬೀಳುತ್ತದೆ. ಇನ್ನು ಕಾರ್ಕಳದ ಹೆಂಗಸರನ್ನು ಎರಡು ಸಲ ಕೊಯ್ಯಬೇಕಾಗಿಲ್ಲ.

ಹಳೆಯ ಕಟ್ಟಿಗೇ ಹಾಕಿಸಿ ಅದೇ ಮೊಳೆಗೆ ತೂಗುಹಾಕಿದ್ದೇನೆ. ಇದನ್ನು ದಿನಾ ಓದುತ್ತೇನೆ.